ರಬ್ಬರಿನ ಮೇಲೆ ನಿಂತ ಮನೆ

ಅಕ್ಕನ ಹಳೆಯ ಮನೆಯ ಮಾಳಿಗೆಯಿಂದ ಕಲ್ಲು ಬಿದ್ದ ದಿನ ನಾನು ಅಲ್ಲಿರಲಿಲ್ಲ. ಆದರೂ ಅದು ಬಿದ್ದದ್ದನ್ನು ಕಣ್ಣಾರೆ ಕಂಡ ಹಾಗೆ ನನಗೆ ನೆನಪಿದೆ. ಒರಳಿನ ಪಕ್ಕ ಎರಡು ಹೋಳಾಗಿ ಬಿದ್ದ ಚಪ್ಪಡಿ, ಅದರ ಮೇಲೆ ಸುರಿದ ಮಾಳಿಗೆಯ ಮಣ್ಣು, ಅರ್ಧ ರುಬ್ಬಿದ ಚಟ್ನಿಯಲ್ಲಿ ಕೆಂಪು ಧೂಳು. ಅಕ್ಕ ಹೇಳಿ ಹೇಳಿ ಅವಳ ನೆನಪು ನನ್ನದೇ ಆಗಿಬಿಟ್ಟಿದೆ. ಹೀಗಾಗಿ ಮುಂದೆ ಬರೆಯುವುದರಲ್ಲಿ ಯಾವುದನ್ನು ಕಂಡೆ, ಯಾವುದನ್ನು ಕೇಳಿದೆ, ಯಾವುದನ್ನು ಹೆದರಿಕೆಯಲ್ಲಿ ಸೇರಿಸಿಕೊಂಡೆ ಎನ್ನುವುದನ್ನು ಬೇರೆ ಬೇರೆ ಮಾಡಲು ನೋಡುತ್ತೇನೆ. ಎಲ್ಲ ಕಡೆ ಆಗುವುದಿಲ್ಲ.

ಅದು ಸಂಡೂರಿನ ಗುಡ್ಡಗಳನ್ನು ಲಾರಿಗಳು ಹೊತ್ತುಕೊಂಡು ಹೋಗುತ್ತಿದ್ದ ಕಾಲ. ಹೊಸಪೇಟೆಯ ರಸ್ತೆಯುದ್ದಕ್ಕೂ ಒಂದರ ಹಿಂದೊಂದು ಅದಿರಿನ ಲಾರಿ. ಒಣಗಲು ಹಾಕಿದ ಬಟ್ಟೆ, ಬೇವಿನ ಎಲೆ, ಎಮ್ಮೆಯ ಬೆನ್ನು, ಎಲ್ಲವೂ ಒಂದೇ ಬಣ್ಣ. ಮಧ್ಯಾಹ್ನ ಊಟದ ಹೊತ್ತಿಗೆ ಗುಡ್ಡದ ಮೇಲೆ ಸೈರನ್ ಕೂಗುತ್ತಿತ್ತು, ಸ್ವಲ್ಪ ಹೊತ್ತಿಗೆ ಸಿಡಿಮದ್ದು ಸಿಡಿಯುತ್ತಿತ್ತು. ಮೊದಲು ನೆಲ ನಡುಗುವುದು, ಆಮೇಲೆ ಸದ್ದು. ಅಕ್ಕನ ಗಂಡನ ಮನೆ ಗುಡ್ಡದ ಬುಡದಲ್ಲೇ ಇತ್ತು. ಆ ಚಪ್ಪಡಿ ಸಿಡಿಮದ್ದಿನಿಂದ ಬಿತ್ತೋ, ಹಳೆಯದಾಗಿ ತಾನೇ ಬಿತ್ತೋ ಯಾರೂ ಹೇಳಲಾರರು. ಅದು ಬಿದ್ದದ್ದು ಅಕ್ಕ ನೀರು ತರಲು ಎದ್ದ ಮೇಲೆ ಎನ್ನುವುದಷ್ಟೇ ಖಚಿತ.

ಅವತ್ತೇ ಅವಳು ಕಂಪ್ಲಿಗೆ, ನಮ್ಮ ಮನೆಗೆ ಬಂದಳು. ಬಸುರಿ. ಹೇಗೂ ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು ಸ್ವಲ್ಪ ಮೊದಲೇ ಬಂದಳು ಎಂದು ಎರಡೂ ಮನೆಯವರು ಹೇಳಿಕೊಂಡರು. ಅಮ್ಮನ ಹತ್ತಿರ ಅವಳು ಹೇಳಿದ್ದು ಬೇರೆ: ಗುಡ್ಡದ ಬುಡದಲ್ಲಿ ಇನ್ನು ಯಾವ ಮಾಳಿಗೆಯ ಕೆಳಗೂ ನಾನು ಕೂಸನ್ನು ಮಲಗಿಸುವುದಿಲ್ಲ. ನಮ್ಮ ಮನೆಯ ಪಕ್ಕದಲ್ಲಿ ಅಕ್ಕಿ ಗಿರಣಿ ಇತ್ತು. ಅದು ಶುರುವಾದಾಗ ಗೋಡೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ನಾವು ಹುಟ್ಟಿದಾಗಿನಿಂದ ಕೇಳಿದ ಸದ್ದು. ಅಕ್ಕ ಈಗ ಅದಕ್ಕೂ ಎದ್ದು ಅಂಗಳಕ್ಕೆ ಹೋಗಿ ಕೂರುತ್ತಿದ್ದಳು.

ಭಾವ ಸಂಡೂರಿನಲ್ಲೇ ಹೊಸ ಮನೆ ಕಟ್ಟಲು ಹೊರಟ. ಹೊಸಪೇಟೆಯಲ್ಲಿ ಅವನದು ಟೈರ್ ರೀಟ್ರೆಡಿಂಗ್ ಅಂಗಡಿ. ಸವೆದ ಲಾರಿ ಟೈರಿಗೆ ಹೊಸ ರಬ್ಬರು ಹಚ್ಚಿ ಬೇಯಿಸಿ ಕೊಡುವ ಕೆಲಸ. ಅದಿರಿನ ಲಾರಿಗಳು ಟೈರುಗಳನ್ನು ಕಡಲೆಕಾಯಿಯಂತೆ ತಿನ್ನುತ್ತಿದ್ದ ಆ ವರ್ಷಗಳಲ್ಲಿ ಅವನ ಬಾಯ್ಲರ್ ಆರಿದ್ದೇ ಇಲ್ಲ. ನಾನಾಗ ಓದು ಮುಗಿಸಿ ಹೊಸಪೇಟೆಯ ಹತ್ತಿರ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದೆ. ಗುಜರಾತಿನ ಭೂಕಂಪವಾದ ಮೇಲೆ ನಮ್ಮ ವಿಭಾಗದಲ್ಲಿ ಎಲ್ಲರೂ ಭೂಕಂಪದ ಕಡೆ ತಿರುಗಿದ್ದರು. ನನ್ನ ಪಾಲಿಗೆ ಬಂದದ್ದು ಕಟ್ಟಡದ ಬುಡಕ್ಕೆ ಇಡುವ ರಬ್ಬರ್ ಬೇರಿಂಗು. ಎರಡು ವರ್ಷ ಅದನ್ನು ಒತ್ತಿ, ಎಳೆದು, ತಿರುಚಿ ಕಲಿತೆ. ಅದರಿಂದ ನನಗಾದ ಒಂದು ಲಾಭವೆಂದರೆ, ಯಾವ ಛಾವಣಿಯ ಕೆಳಗೆ ನಿಂತರೂ ಮೇಲೆ ನೋಡುವ ಅಭ್ಯಾಸ. ಹಂಪಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಅವರೆಲ್ಲ ಕಲ್ಲು ಮಂಟಪದ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ ನಾನೊಬ್ಬ ಬಿಸಿಲಿನಲ್ಲಿ ನಿಂತು ತಿಂದೆ. ಶತಮಾನಗಳಿಂದ ನಿಂತಿದೆ ಎನ್ನುವುದು ಇವತ್ತು ಬೀಳುವುದಿಲ್ಲ ಎನ್ನುವುದಕ್ಕೆ ಪುರಾವೆಯಲ್ಲ.

ಭಾವ ಬಂದು ಕೇಳಿದ್ದು ನೇರವಾಗಿತ್ತು.

“ಲಾರಿ ಕೆಳಗ ರಬ್ಬರ್ ಐತಿ, ಅದಕ್ಕ ಗುದ್ದು ಮ್ಯಾಲೆ ಬರಂಗಿಲ್ಲ. ಮನಿ ಕೆಳಗ ಯಾಕ ಇಡಬಾರ್ದು, ಹೇಳಪಾ ಇಂಜಿನಿಯರ್ ಸಾಹೇಬ?”

ಟೈರಿನೊಳಗೆ ಗಾಳಿ ಇರುತ್ತದೆ, ಇದು ಬೇರೆ ಎಂದೆ. ತೆಳು ರಬ್ಬರು, ಅದರ ಮೇಲೆ ಕಬ್ಬಿಣದ ತಗಡು, ಮತ್ತೆ ರಬ್ಬರು, ಮತ್ತೆ ತಗಡು. ಎಲ್ಲವೂ ಬೆಂದು ಒಂದೇ ಗಟ್ಟಿಯಾಗಿರಬೇಕು. ಮೇಲಿಂದ ಒತ್ತಿದರೆ ರಬ್ಬರು ಪಕ್ಕಕ್ಕೆ ಉಬ್ಬಲು ನೋಡುತ್ತದೆ, ತಗಡು ಬಿಡುವುದಿಲ್ಲ. ಹೀಗಾಗಿ ಇಡೀ ಮನೆಯ ಭಾರ ಕೂತರೂ ಅದು ಕಲ್ಲಿನಷ್ಟೇ ಗಟ್ಟಿ. ಆದರೆ ಪಕ್ಕಕ್ಕೆ ತಳ್ಳಿದರೆ, ರೊಟ್ಟಿಗಳ ಅಟ್ಟಿಯ ಮೇಲೆ ಕೈಯಿಟ್ಟು ತಳ್ಳಿದ ಹಾಗೆ, ಪದರ ಪದರವಾಗಿ ಸರಿಯುತ್ತದೆ, ಬಿಟ್ಟರೆ ಹಿಂದಿರುಗುತ್ತದೆ. ನೆಲ ಅತ್ತಿತ್ತ ಓಡಾಡಿದರೂ ಮನೆ ಅದರ ಜೊತೆ ಓಡದೆ ನಿಧಾನಕ್ಕೆ ತೂಗುತ್ತದೆ. ಲಾರಿಯ ಗುದ್ದು ಕೆಳಗಿನಿಂದ ಮೇಲಕ್ಕೆ ಬರುವುದು, ಅದನ್ನಿದು ತಡೆಯುವುದಿಲ್ಲ ಎಂದೂ ಹೇಳಿದೆ. ಭಾವ ಇದರಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡ.

“ಬೀಳಂಗಿಲ್ಲಲ್ಲ?” ಎಂದ.

“ಸರಿಯಾಗಿ ಮಾಡಿದರ” ಎಂದೆ. ನಾನು ಹಾಗೆಂದದ್ದು ಚೆನ್ನಾಗಿ ನೆನಪಿದೆ. ಭಾವನಿಗೆ ನಾನು ‘ಖಂಡಿತ’ ಎಂದದ್ದು ಅಷ್ಟೇ ಚೆನ್ನಾಗಿ ನೆನಪಿದೆ.

ದಿಂಬುಗಳನ್ನು ಅವನ ಅಂಗಡಿಯಲ್ಲೇ ಮಾಡಿದೆವು. ದಿಂಬು ಎಂದು ಹೆಸರಿಟ್ಟವರು ಅಲ್ಲಿನ ಕೆಲಸಗಾರರು. ತಲೆದಿಂಬಿನಷ್ಟೇ ದೊಡ್ಡದಿದ್ದುದರಿಂದ ಬೇರಿಂಗ್ ಎನ್ನುವುದನ್ನು ಎಲ್ಲರೂ ಬಿಟ್ಟೆವು. ಲೇತ್ ಅಂಗಡಿಯಲ್ಲಿ ತಗಡು ಕತ್ತರಿಸಿ, ತುಕ್ಕು ತೆಗೆದು, ಅಂಟು ಹಚ್ಚಿ, ಹಸಿ ರಬ್ಬರಿನ ಹಾಳೆಗಳ ನಡುವೆ ಜೋಡಿಸಿ, ಅಚ್ಚಿನಲ್ಲಿ ಬಿಗಿದು ಬೇಯಿಸುವುದು. ಮೊದಲನೆಯದು ಕೆಟ್ಟಿತು. ಟೈರಿನ ಮಂದಕ್ಕೆ ಹಿಡಿಯುವ ಹೊತ್ತಷ್ಟೇ ಅದನ್ನೂ ಬೇಯಿಸಿದ್ದರು. ಕೊಯ್ದು ನೋಡಿದರೆ ಹೊರಗೆ ಗಟ್ಟಿ, ಒಳಗೆ ಅಂಟಂಟು, ಬೇಯದ ಇಡ್ಲಿಯ ಹಾಗೆ. ಮಂದ ರಬ್ಬರಿನ ಹೊಟ್ಟೆಗೆ ಶಾಖ ತಲುಪಲು ಹೊತ್ತು ಬೇಕು. ಆಮೇಲಿನವನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದರು.

ಪ್ರತಿಯೊಂದನ್ನೂ ಪರೀಕ್ಷಿಸಲೇಬೇಕು ಎಂದು ನಾನು ಹಟ ಹಿಡಿದೆ. ಎರಡು ದಿಂಬುಗಳನ್ನು ಒಂದರ ಮೇಲೊಂದಿಟ್ಟು, ನಡುವೆ ದಪ್ಪ ಕಬ್ಬಿಣದ ಹಲಗೆ, ಮೇಲೆ ಅದಿರಿನ ಗಟ್ಟಿ ತುಂಬಿದ ತೊಟ್ಟಿ. ಹಲಗೆಗೆ ಚೈನ್ ಪುಲ್ಲಿ ಕಟ್ಟಿ ಪಕ್ಕಕ್ಕೆ ಎಳೆಯುವುದು. ಮೊದಲ ಎಳೆತಕ್ಕೆ ದಿಂಬು ಬಿಗಿಯಾಗಿತ್ತು. ಎರಡನೆಯದಕ್ಕೆ ಸಡಿಲಾಯಿತು. ಆಮೇಲೆ ಇನ್ನೂ ಸ್ವಲ್ಪ ಮೆತ್ತಗಾಗಿ ಅಲ್ಲಿಗೆ ನಿಂತಿತು. ಭಾವನ ಮುಖ ಇಳಿದುಹೋಯಿತು. ಹೋಯಿತು, ಹರಿದಿದೆ ಎಂದ. ಹರಿದಿಲ್ಲ, ರಬ್ಬರಿನ ಗುಣವೇ ಅದು, ಮೊದಲ ಎಳೆತದ ಬಿಗಿ ಎರಡನೆಯದಕ್ಕೆ ಇರುವುದಿಲ್ಲ, ಬಿಟ್ಟು ಸುಮ್ಮನಿದ್ದರೆ ಒಂದಿಷ್ಟು ಬಿಗಿ ವಾಪಸು ಬರುತ್ತದೆ ಎಂದು ಸಮಾಧಾನ ಮಾಡಿದೆ. ಇನ್ನೊಂದು ಗುಣವನ್ನೂ ಅವನ ಕೈಹಿಡಿದು ಮುಟ್ಟಿಸಿ ತೋರಿಸಿದೆ. ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದ ಮೇಲೆ ದಿಂಬು ಬೆಚ್ಚಗಿರುತ್ತದೆ. ಎಳೆಯುವಾಗ ನಾವು ಕೊಟ್ಟಿದ್ದನ್ನೆಲ್ಲ ಅದು ಹಿಂದಿರುಗುವಾಗ ಕೊಡುವುದಿಲ್ಲ, ಒಂದಷ್ಟನ್ನು ನುಂಗಿಕೊಳ್ಳುತ್ತದೆ. ಹಾಗೆ ನುಂಗುವುದರಿಂದಲೇ ಮನೆಯ ತೂಗಾಟ ಬೇಗ ನಿಲ್ಲುತ್ತದೆ.

ಇಲ್ಲಿಯವರೆಗೆ ಭಾವನಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಆಮೇಲಿನದರಲ್ಲಿದೆ. ಒಂದು ದಿಂಬನ್ನು ಪೂರ್ತಿ ಎಳೆದು ನಿಲ್ಲಿಸಿದಾಗ ಅದರ ಒಂದು ಅಂಚಿನಲ್ಲಿ, ರಬ್ಬರು ತಗಡಿಗೆ ಸೇರುವಲ್ಲಿ, ಬಿಳಿಯ ಗೆರೆಯೊಂದು ಕಂಡಿತು. ಕೂದಲೆಳೆಯಷ್ಟು. ರಬ್ಬರು ತಗಡನ್ನು ಬಿಡುತ್ತಿದೆ ಎಂದರೆ ಹೀಗೆಯೇ ಶುರುವಾಗುವುದು. ಬಿಟ್ಟುಕೊಂಡ ದಿಂಬು ಎಳೆತದಲ್ಲಿ ಹರಿದು ಮನೆಯ ಒಂದು ಮೂಲೆ ಕುಸಿಯಬಹುದು. ಅದನ್ನು ಬೇರೆ ಇಡಿ ಎಂದೆ. ಇಟ್ಟರು. ಅದನ್ನು ತುಂಡು ತುಂಡಾಗಿ ಕೊಯ್ಸಿ ಬಾಯ್ಲರಿನ ಒಲೆಗೆ ಹಾಕಿಸಿದೆ ಎನ್ನುತ್ತಾನೆ ಭಾವ. ಆದರೆ ಸಂಡೂರಿಗೆ ಹೊರಟ ಲಾರಿಯಲ್ಲಿ, ಉಳಿದವುಗಳ ಕೆಳಗೆ, ಆ ಬೇಡವಾದ ದಿಂಬಿನ ಮೇಲೆ ನಾನು ಸೀಮೆಸುಣ್ಣದಿಂದ ಹಾಕಿದ್ದ ಅಡ್ಡಗುರುತನ್ನು ಕಂಡ ನೆನಪು ನನಗಿದೆ. ಆ ದಿನ ನಾನು ಲಾರಿಯ ಹತ್ತಿರ ಹೋಗಿಯೇ ಇರಲಿಲ್ಲ, ಕಾಲೇಜಿನಲ್ಲಿದ್ದೆ ಎನ್ನುವುದೂ ನೆನಪಿದೆ. ಎರಡೂ ಒಟ್ಟಿಗೆ ನಿಜವಾಗಲಾರವು.

ಮನೆ ಎದ್ದಿತು. ಮೊಣಕಾಲೆತ್ತರದ ಗಿಡ್ಡ ಕಂಬಗಳು, ಅವುಗಳ ಮೇಲೆ ದಿಂಬು, ದಿಂಬಿನ ಮೇಲೆ ತೊಲೆ, ತೊಲೆಯ ಮೇಲೆ ಎರಡಂತಸ್ತು. ಮನೆಗೂ ನೆಲಕ್ಕೂ ನಡುವೆ ಸುತ್ತಲೂ ಒಬ್ಬ ತೆವಳಿ ಹೋಗುವಷ್ಟು ಸಂದು. ಈ ಸಂದಿನಲ್ಲಿ ಒಂದು ಕಲ್ಲೂ ಬೀಳಬಾರದು, ಮನೆ ಎಲ್ಲಿಯೂ ನೆಲವನ್ನು ಮುಟ್ಟಬಾರದು ಎಂದು ಮನೆ ಕಟ್ಟುವ ಗೌಂಡಿಗೆ ಸಾಕುಸಾಕಾಗುವಷ್ಟು ಹೇಳಿದ್ದೆ. ಬಾಗಿಲ ಮುಂದಿನ ಮೆಟ್ಟಿಲು ಕೂಡ ಮನೆಗೆ ತಾಗದೆ ನೆಲದಲ್ಲೇ ನಿಲ್ಲಬೇಕಿತ್ತು. ಗೃಹಪ್ರವೇಶದ ವಾರ ನನಗೆ ಪರೀಕ್ಷೆಯ ಕೆಲಸ, ಬಳ್ಳಾರಿಯಲ್ಲಿದ್ದೆ.

ಅಕ್ಕ ಕೂಸಿನೊಂದಿಗೆ ಹೊಸ ಮನೆಗೆ ಹೋದಳು. ಭಾವ ಖುಷಿಯಾಗಿದ್ದ. ಸ್ವಲ್ಪ ದಿನಕ್ಕೆ ಅವಳಿಂದ ಫೋನು ಬಂತು. ಅವಳ ದನಿ ಅಷ್ಟು ತಣ್ಣಗಿದ್ದುದೇ ನನಗೆ ಮೊದಲು ಹೆದರಿಕೆ ಹುಟ್ಟಿಸಿತು.

“ತಮ್ಮಾ, ಈ ಮನಿ ಅಲ್ಲಾಡಂಗಿಲ್ಲ. ತಿರಗತೈತಿ.”

ಮಹಡಿಯ ಹಿಂದಿನ ಕೋಣೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಸಿಡಿಮದ್ದಾದಾಗ ಖಾಲಿ ತೊಟ್ಟಿಲು ಅತ್ತಿತ್ತ ತೂಗದೆ ಸುತ್ತು ಬರುತ್ತದೆ ಎಂದಳು. ಅವಳ ಅತ್ತೆ ಇದನ್ನು ಕೇಳಿ ನಕ್ಕು, ಬಾಣಂತಿಗೆ ತಲೆ ಸುತ್ತಿದರೆ ಮನೆಯೇ ಸುತ್ತಿದ ಹಾಗಿರುತ್ತದೆ, ಖಾರ ತಿನ್ನು ಎಂದಿದ್ದರಂತೆ. ಅಕ್ಕ ಮಹಡಿ ಬಿಟ್ಟು ಕೆಳಗೆ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡಿದ್ದಳು. ಭಾವನ ಹತ್ತಿರ ಒಂದೇ ಮಾತು: ಇದು ಸರಿಯಾಗದಿದ್ದರೆ ನಾನು ಕೂಸನ್ನು ಎತ್ತಿಕೊಂಡು ಕಂಪ್ಲಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ.

ಹೆದರಿದವರ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ, ನನ್ನ ಮಾತನ್ನೂ ಸೇರಿಸಿ. ಎರಡು ಗಾಜಿನ ತುಂಡಿಗೆ ದೀಪದ ಮಸಿ ಹಿಡಿಸಿದೆ. ಒಂದನ್ನು ಮುಂದಿನ ಬಾಗಿಲ ಹತ್ತಿರದ ಕಂಬದ ಪಕ್ಕ, ಇನ್ನೊಂದನ್ನು ಹಿಂದಿನ ಮೂಲೆಯಲ್ಲಿ ನೆಲದ ಕಲ್ಲಿಗೆ ಅಂಟಿಸಿ, ಮೇಲಿನ ತೊಲೆಗೆ ಕಟ್ಟಿದ ಮೊಳೆಯ ತುದಿ ಮಸಿಗೆ ತಾಗುವಂತೆ ಮಾಡಿದೆ. ಮನೆ ಸರಿದರೆ ಮೊಳೆ ಗೀಚಬೇಕು. ಸರಿಯಾದ ಮನೆಯಾದರೆ ಎರಡರಲ್ಲೂ ಗೀಚು ಒಂದೇ ಅಳತೆಯಲ್ಲಿರಬೇಕು.

ಮಧ್ಯಾಹ್ನ ಸಿಡಿಮದ್ದಾಯಿತು. ಮುಂದಿನ ಗಾಜಿನಲ್ಲಿ ಸಾಸಿವೆಯಷ್ಟು ಚುಕ್ಕೆ. ಹಿಂದಿನದರಲ್ಲಿ ಅಕ್ಕಿಕಾಳಿನಷ್ಟು ಗೆರೆ, ಅದೂ ನೇರವಾಗಿರಲಿಲ್ಲ, ಬಿಲ್ಲಿನ ಹಾಗೆ ಬಾಗಿತ್ತು. ನಾನು ಆ ಗಾಜನ್ನು ಹಿಡಿದು ಅಂಗಳದಲ್ಲೇ ಕೂತುಬಿಟ್ಟೆ. ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಮನೆ ಬಾಗಿಲನ್ನು ಗೂಟ ಮಾಡಿಕೊಂಡು ತಿರುಗುತ್ತಿತ್ತು. ಬಾಗಿಲಿನಿಂದ ದೂರ ಹೋದಷ್ಟೂ ಸರಿತ ಜಾಸ್ತಿ. ಎಲ್ಲಕ್ಕಿಂತ ಜಾಸ್ತಿ ಎಳೆತ ತಿನ್ನುತ್ತಿದ್ದದ್ದು ಹಿಂದಿನ ಮೂಲೆಯ ದಿಂಬು, ತೊಟ್ಟಿಲ ಕೋಣೆಯ ನೇರ ಕೆಳಗೆ. ಸಿಡಿಮದ್ದಿಗೆ ಅಕ್ಕಿಕಾಳು. ನಿಜವಾದ ಭೂಕಂಪಕ್ಕೆ ಎಷ್ಟು ಎನ್ನುವ ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿದ್ದೇ ತೊಂದರೆಯಾಯಿತು.

ಮರುದಿನ ಮನೆಯ ಕೆಳಗೆ ತೆವಳಿಕೊಂಡು ಹೋದೆ. ಸಿಡಿಮದ್ದಿನ ಹೊತ್ತಿಗೇ ಹೋದೆ, ಎಳೆತದಲ್ಲಿ ಆ ದಿಂಬು ಹೇಗೆ ಕಾಣುತ್ತದೆ ಎಂದು ನೋಡಬೇಕಿತ್ತು. ಅಂಗಾತ ಮಲಗಿದರೆ ಮೂಗಿನಿಂದ ತೊಲೆಗೆ ಒಂದು ಗೇಣು. ಟಾರ್ಚಿನ ಬೆಳಕಿನಲ್ಲಿ ದಿಂಬು ಕಪ್ಪಗೆ, ಸುಮ್ಮನೆ ನಿಂತಿದ್ದಾಗಲೂ ಒಂದು ಕಡೆಗೆ ಸ್ವಲ್ಪ ವಾಲಿಕೊಂಡಿತ್ತು. ಅದರ ಅಂಚಿನಲ್ಲಿ ಬಿಳಿಯ ಗೆರೆ. ಸೈರನ್ ಕೂಗಿತು. ಮೇಲೆ ಅಕ್ಕನ ಹೆಜ್ಜೆಗಳು ಬಾಗಿಲ ಕಡೆಗೆ ಓಡಿದ್ದು ಕೇಳಿಸಿತು. ಹೊರಗೆ ಹೋಗಬೇಕು ಅನ್ನಿಸಿತು, ಹೊತ್ತಿರಲಿಲ್ಲ. ನೆಲ ಬೆನ್ನಿನ ಕೆಳಗೆ ಒಮ್ಮೆ ಉಬ್ಬಿದ ಹಾಗಾಯಿತು. ಮೇಲಿನ ತೊಲೆ ಸದ್ದಿಲ್ಲದೆ ಪಕ್ಕಕ್ಕೆ ಹೊರಟು, ನಿಂತು, ವಾಪಸು ಬಂತು. ಅಷ್ಟು ದೊಡ್ಡ ವಸ್ತು ಸದ್ದಿಲ್ಲದೆ ಹೊರಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಣ್ಣಿಗೆ ಮಣ್ಣು ಬಿತ್ತು.

ಆಮೇಲೆ ಮೊಳೆಯೊಂದರಿಂದ ಆ ಬಿಳಿ ಗೆರೆಯನ್ನು ಕೆರೆದೆ. ಸುಣ್ಣದ ಪುಡಿ ಬೆರಳಿಗೆ ಹತ್ತಿದ್ದು ನೆನಪಿದೆ. ಮೇಲಿನ ಸಿಮೆಂಟಿನಿಂದ ಸೋರಿದ ನೀರಿನ ಕಲೆಯಾದರೆ ಅದು ಸಹಜ. ಮೊಳೆಯ ತುದಿ ಸಲೀಸಾಗಿ ರಬ್ಬರಿಗೂ ತಗಡಿಗೂ ನಡುವೆ ಹೋದದ್ದೂ ನೆನಪಿದೆ. ಹಾಗಾದರೆ ಅದು ನಾನು ಬೇರೆ ಇಡಿಸಿದ್ದ ಅದೇ ದಿಂಬು.

ಮುಂದಕ್ಕೆ ತೆವಳುವಾಗ ಗೊತ್ತಾಯಿತು. ಸುತ್ತಲೂ ಸಂದಿನಿಂದ ಬೆಳಕು ಬರುತ್ತಿತ್ತು. ಬಾಗಿಲ ಕೆಳಗೆ ಮಾತ್ರ ಕತ್ತಲು. ಅಲ್ಲಿ ನೆಲದಲ್ಲಿ ಹೂತ ಕರಿಕಲ್ಲಿನ ಕಂಬವೊಂದು ಎದ್ದು ನಿಂತು ಹೊಸ್ತಿಲ ಕಲ್ಲಿಗೆ ಸೇರಿತ್ತು. ಕಬ್ಬಿಣದ ಗೂಟ ಹೊಡೆದು, ಸೀಸ ಕಾಯಿಸಿ ಹೊಯ್ದು ಕೂರಿಸಿದ್ದರು. ಕೆಲಸ ಬಹಳ ಚೆನ್ನಾಗಿತ್ತು.

ಅದನ್ನು ಮಾಡಿಸಿದವರು ಅಕ್ಕನ ಅತ್ತೆ. ಮುಚ್ಚಿಟ್ಟಿರಲೂ ಇಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ. ಗೃಹಪ್ರವೇಶದ ಹಿಂದಿನ ದಿನ ಹೊಸ್ತಿಲಿಗೆ ನೀರು ಹಾಕಲು ಬಗ್ಗಿದಾಗ ನೀರು ಸಂದಿನಲ್ಲಿ ಇಳಿದು ಹೋಯಿತಂತೆ, ಅಂಗಳಕ್ಕೆ ಹರಿಯಲಿಲ್ಲವಂತೆ. ದಿನಾ ಬೆಳಗ್ಗೆ ಸಾರಿಸಿ, ರಂಗೋಲಿ ಹಾಕಿ, ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲು ಗಾಳಿಯಲ್ಲಿ ನೇತಾಡುವುದೇ? ಗೌಂಡಿಯನ್ನು ಕರೆಸಿ, ಕೆಳಗೆ ನವಧಾನ್ಯ ಹಾಕಿಸಿ ಕಲ್ಲು ನಿಲ್ಲಿಸಿದರು. ಎಲ್ಲ ಕಡೆ ಸಂದು ಬಿಡು ಎಂದು ನಾನು ಹೇಳಿದ್ದರೂ ಗೌಂಡಿಗೆ ಹೊಸ್ತಿಲು ಆ ಲೆಕ್ಕದಲ್ಲಿ ಬರುತ್ತದೆ ಎಂದು ಅನಿಸಿಯೇ ಇರಲಿಲ್ಲ. ಹೊಸ್ತಿಲು ನೆಲಕ್ಕೆ ಸೇರಿದ್ದಲ್ಲವೇ ಎಂದು ನನ್ನನ್ನೇ ಕೇಳಿದ.

ನಾನು ರೊಟ್ಟಿಯ ಅಟ್ಟಿ ತರಿಸಿ, ಒಂದು ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಮೇಲಿನದನ್ನು ತಳ್ಳಿ ತೋರಿಸಿದೆ. ರೊಟ್ಟಿಗಳು ಬೆರಳಿನ ಸುತ್ತ ತಿರುಗಿದವು. ಅತ್ತೆ ನೋಡಿದರು. ಅರ್ಥವಾಯಿತು ಎನ್ನುವುದು ಮುಖದಲ್ಲೇ ಕಂಡಿತು. ಆದರೂ ಹೇಳಿದ್ದು ಇಷ್ಟು:

“ರಬ್ಬರ್ ಮ್ಯಾಲೆ ನಿಂತಿದ್ದು ಲಾರಿ ಆಕ್ಕೈತಿ ತಮ್ಮಾ, ಮನಿ ಆಗಂಗಿಲ್ಲ. ಹೊಸ್ತಿಲಾರ ನೆಲಾ ಹಿಡಕೊಂಡಿರಲಿ.”

ಅಕ್ಕ ಅಲ್ಲೇ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಅತ್ತೆಯ ಎದುರು ದನಿ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ.

“ಅತ್ತೀ, ಅದು ಹಿಡಕೊಂಡೈತಿ, ಅದಕ್ಕ ಉಳಿದದ್ದೆಲ್ಲ ಹರಿಯಾಕ ಹತ್ತೈತಿ. ಹೊಸ್ತಿಲ ಇರಲಿ ಅಂದ್ರ ಇರಲಿ. ನಾ ಮತ್ತ ಕೂಸು ಕಂಪ್ಲಿಗೆ ಹೊಕ್ಕೀವಿ.”

ಅತ್ತೆ ರೊಟ್ಟಿಗಳನ್ನು ಮತ್ತೆ ನೇರಕ್ಕೆ ಜೋಡಿಸಿದರು. ಆಮೇಲೆ ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ. ಹೊಸ್ತಿಲ ಬುಡ ಕಡಿಯುವಾಗ ಮನೆ ಖಾಲಿ ಇರಬಾರದು. ಒಳಗೆ ದೀಪ ಉರಿಯುತ್ತಿರಬೇಕು, ಒಂದು ಜೀವ ಇರಬೇಕು. ಇಲ್ಲದಿದ್ದರೆ ಅದು ಬಿಟ್ಟುಹೋದ ಮನೆಯಾಗುತ್ತದೆ. ಆ ಜೀವ ತಾನೇ ಎಂದರು.

ನನಗೆ ನಿಜವಾದ ದಿಗಿಲು ಹತ್ತಿದ್ದು ಆಗ. ಬುಡ ಕಡಿದ ಕ್ಷಣ, ಆ ಕಲ್ಲು ಒಂದು ಕಡೆಗೆ ಓರೆಯಾಗಿ ಹಿಡಿದಿದ್ದ ಮನೆ ಒಮ್ಮೆಗೇ ವಾಪಸು ಸರಿಯುತ್ತದೆ. ಎಷ್ಟು ಜೋರಾಗಿ ಎನ್ನುವುದು ನನಗೆ ಗೊತ್ತಿರಲಿಲ್ಲ. ಹಿಂದಿನ ಮೂಲೆಯ ದಿಂಬು ಬಿಟ್ಟುಕೊಂಡಿದ್ದರೆ ಆ ಜಗ್ಗಿಗೆ ಹರಿಯಬಹುದು. ಭಾವನ ಅಂಗಡಿಯಿಂದ ಲಾರಿ ಎತ್ತುವ ಜಾಕುಗಳನ್ನು ತರಿಸಿ, ಆ ಮೂಲೆಯ ತೊಲೆಯ ಕೆಳಗೆ ಕೂದಲೆಳೆ ಅಂತರ ಬಿಟ್ಟು ನಿಲ್ಲಿಸಿದೆ. ದಿಂಬು ಹೋದರೆ ತೊಲೆ ಜಾಕಿನ ಮೇಲೆ ಕೂರಬೇಕು. ಕೂರುತ್ತದೆಯೇ? ಭಾವ ಕೇಳಿದ. ಕೂರಬೇಕು ಎಂದೆ. ಈ ಸಲ ಅವನು ‘ಖಂಡಿತ’ ಎಂದು ಕೇಳಿಸಿಕೊಳ್ಳಲಿಲ್ಲ.

ಹಂಪಿ ಕಡೆಯ ಕಲ್ಲುಕುಟಿಗ ಬೆಳಗ್ಗೆಯೇ ಬಂದ. ಸಿಡಿಮದ್ದಿಗೆ ಮೊದಲೇ ಮುಗಿಯಬೇಕಿತ್ತು. ಅಕ್ಕ ಕೂಸನ್ನು ಎತ್ತಿಕೊಂಡು ರಸ್ತೆಯಾಚೆ ಬೇವಿನ ಮರದ ಕೆಳಗೆ ನಿಂತಳು. ಅತ್ತೆ ದೇವರ ಕೋಣೆಯಲ್ಲಿ ದೀಪ ಹಚ್ಚಿ ಕೂತರು. ಯಂತ್ರದ ಗರಗಸ ಕಲ್ಲನ್ನು ಕೊಯ್ಯುತ್ತಿದ್ದಾಗ ಬಿಳಿ ಹುಡಿ ಹಾರಿ ಅವನ ಕೆಂಪು ಕಾಲುಗಳ ಮೇಲೆ ಕೂತಿತು. ಕೊನೆಯ ಚೂರನ್ನು ಉಳಿಯಿಂದ ಹೊಡೆಯುತ್ತೇನೆ ಎಂದ. ನಾನು ಹಿಂದಿನ ಮೂಲೆಯಲ್ಲಿ ಮೊಣಕಾಲೂರಿ ಸಂದಿನೊಳಗೆ ಟಾರ್ಚು ಹಿಡಿದಿದ್ದೆ. ಒಂದು ಏಟು, ಇನ್ನೊಂದು ಏಟು. ಆಮೇಲಿನ ಏಟು ನನಗೆ ಕೇಳಿಸಲೇ ಇಲ್ಲ. ಇಡೀ ಮನೆ ‘ಹುಂ’ ಎಂದ ಹಾಗೆ ಒಂದು ಸದ್ದು. ತೊಲೆ ಟಾರ್ಚಿನ ಬೆಳಕಿನಲ್ಲಿ ಪಕ್ಕಕ್ಕೆ ಜಾರಿ, ಒಂದೆರಡು ಸಲ ತೂಗಿ ನಿಂತಿತು. ಒಳಗೆ ಹಿತ್ತಾಳೆ ಪಾತ್ರೆಗಳು ಉರುಳಿದವು. ಮಹಡಿಯ ಯಾವುದೋ ಬಾಗಿಲು ಬಡಿದುಕೊಂಡಿತು. ಆಮೇಲೆ ಏನೂ ಇಲ್ಲ.

“ಅವ್ವಾ” ಎಂದ ಭಾವ. ಬಾಗಿಲ ಕಡೆಗೆ ಓಡಿದ.

ಒಳಗಿನಿಂದ ಅವರ ದನಿ ಕೊನೆಗೂ ಬಂತು. “ಆತೇನು? ಯಾರೋ ಭುಜಾ ಹಿಡಿದು ಸರಿ ಅಂದಂಗಾತು. ಎಣ್ಣಿ ಚೆಲ್ಲಿತು, ದೀಪ ಐತಿ.”

ದಿಂಬು ನೆಟ್ಟಗೆ ನಿಂತಿತ್ತು. ಹರಿದಿರಲಿಲ್ಲ. ಬಿಳಿ ಗೆರೆ ಅಲ್ಲೇ ಇತ್ತು. ಅಂದಿನ ಸಿಡಿಮದ್ದಿಗೆ ಎರಡೂ ಗಾಜುಗಳಲ್ಲಿ ಒಂದೇ ಅಳತೆಯ ಗೀಚು ಬಿತ್ತು. ಭಾವ ಅವನ್ನು ಎರಡು ಕೈಯಲ್ಲಿ ಹಿಡಿದು ರಸ್ತೆ ದಾಟಿ ಅಕ್ಕನಿಗೆ ತೋರಿಸಿದ. ಅವಳು ಗಾಜನ್ನು ನೋಡದೆ ನನ್ನನ್ನು ನೋಡಿದಳು. ಇನ್ನೇನಾದರೂ ಇದೆಯೇ ಎಂದು ಕೇಳಿದಳು. ಹಿಂದಿನ ಮೂಲೆಯ ದಿಂಬಿನ ಮೇಲೆ ಅನುಮಾನವಿದೆ ಎಂದೆ. ಭಾವ ನನ್ನನ್ನು ಅಲ್ಲಿಯೇ ಹೂಳುವ ಹಾಗೆ ನೋಡಿದ. ಅದನ್ನು ಬದಲಿಸಿದ ಮೇಲೆ ಬರುತ್ತೇನೆ ಎಂದು ಅಕ್ಕ ಅವತ್ತು ಕಂಪ್ಲಿಯ ಬಸ್ಸು ಹತ್ತಿದಳು.

ಭಾವ ಹೊಸ ದಿಂಬು ಮಾಡಿಸಿದ. ಅದನ್ನು ನಾನೇ ಎಳೆದು ನೋಡಿದೆ. ಜಾಕಿನಿಂದ ಆ ಮೂಲೆಯನ್ನು ತಗಡಿನಷ್ಟು ಎತ್ತಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆವು. ಅಕ್ಕ ಬಂದಳು. ಈ ಸಲ ಬಾಗಿಲ ಹತ್ತಿರ ಚಾಪೆ ಹಾಸಲಿಲ್ಲ. ತೊಟ್ಟಿಲನ್ನು ಮಹಡಿಯ ಹಿಂದಿನ ಕೋಣೆಗೇ ಕಟ್ಟಿದಳು.

ತೆಗೆದ ದಿಂಬನ್ನು ಅಂಗಡಿಯಲ್ಲಿ ಅಡ್ಡಕ್ಕೆ ಕೊಯ್ಸಿದೆ. ತಗಡು ತಗಡಿಗೂ ರಬ್ಬರು ಹಿಡಿದುಕೊಂಡಿತ್ತು. ಉಳಿಯಿಂದ ಎಬ್ಬಿಸಿದರೂ ಬಿಡಲಿಲ್ಲ. ಅಂಚಿನ ಗೆರೆ ಸುಣ್ಣದ್ದು. ಭಾವ ಜೋರಾಗಿ ನಕ್ಕು ಎಲ್ಲರಿಗೂ ಚಹಾ ತರಿಸಿದ. ನಾನು ಲೋಟ ಕೆಳಗಿಟ್ಟು ಮನೆಯ ಕೆಳಗಿನ ಉಳಿದ ದಿಂಬುಗಳನ್ನು ನೆನೆದೆ. ಆ ಕೆಟ್ಟ ದಿಂಬನ್ನು ಬಾಯ್ಲರಿಗೆ ಹಾಕಿದ್ದು ನಿಜವಾದರೆ ಸರಿ. ಲಾರಿಯಲ್ಲಿ ನಾನು ಕಂಡದ್ದು ನಿಜವಾದರೆ ಅದು ಇನ್ನೂ ಮನೆಯ ಕೆಳಗಿದೆ, ಬೇರೆ ಮೂಲೆಯಲ್ಲಿ, ಎಲ್ಲದರ ಹಾಗೆ ಕಪ್ಪಗೆ.

ಅವತ್ತೇ ಸಂಡೂರಿಗೆ ಹೋಗಿ ಅಕ್ಕನಿಗೆ ಹೇಳಿದೆ. ಎಲ್ಲವನ್ನೂ ಒಂದೊಂದಾಗಿ ತೆಗೆದು ನೋಡೋಣ, ಅಲ್ಲಿಯವರೆಗೆ ಕಂಪ್ಲಿಯಲ್ಲಿರು ಎಂದೆ. ಅವಳು ಮಹಡಿಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಕೂಸು ಕಾಲು ಝಾಡಿಸುತ್ತಿತ್ತು. ನಾನು ಹೇಳುವುದನ್ನೆಲ್ಲ ಕೇಳಿದಳು.

“ನೀ ಅದನ್ನ ನೋಡೀಯೋ, ನೋಡೀನಿ ಅನ್ಕೊಂಡೀಯೋ?”

ಗೊತ್ತಿಲ್ಲ ಎಂದೆ.

“ಮನಿ ತಿರಗತೈತಿ ಅಂತ ನನಗ ಗೊತ್ತಿತ್ತು, ಹೇಳಿದ್ನಿ. ಈಗ ತಿರಗಂಗಿಲ್ಲ. ಅದೂ ಗೊತ್ತು. ನಿನಗ ಗೊತ್ತಾದ ಮ್ಯಾಲೆ ಬಂದು ಹೇಳು, ಆವಾಗ ಹೋಗಾನು. ಈಗ ಬಿಡು, ನೀರು ಆರತಾವು.”

ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ನಾನು ಕೆಳಗಿಳಿದು ಹೊರಗೆ ಬಂದು, ಗೋಡೆಗೆ ಅಂಗೈ ಒತ್ತಿ ನಿಂತೆ. ಮೇಲೆ ಚೆಂಬಿನಿಂದ ನೀರು ಸುರಿಯುವ ಸದ್ದು, ಕೂಸಿನ ಅಳು, ಅಕ್ಕ ಅದನ್ನು ರಮಿಸುವ ದನಿ. ಗುಡ್ಡದ ಮೇಲೆ ಸೈರನ್ ಕೂಗಿತು. ಮೇಲೆ ನೀರಿನ ಸದ್ದು ನಿಲ್ಲಲಿಲ್ಲ.